ಮೊಜಾಂಬಿಕ್: ‘ಐನೂರು ವರ್ಷಗಳ ಆಳ್ವಿಕೆ’ ಎಂಬ ತಪ್ಪು ಲೆಕ್ಕ

ಆಫ್ರಿಕಾದ ಇತಿಹಾಸವನ್ನು ಸ್ನಾತಕೋತ್ತರ ತರಗತಿಗಳಿಗೆ ಪಾಠ ಮಾಡುವವರಿಗೆ ಉತ್ತರ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಎದುರಾಗುವ ಮಾತೊಂದಿದೆ: ಪೋರ್ಚುಗೀಸರು ಮೊಜಾಂಬಿಕನ್ನು ಐನೂರು ವರ್ಷ ಆಳಿದರು. 1498ರಲ್ಲಿ ವಾಸ್ಕೊ ಡ ಗಾಮ ಮೊಜಾಂಬಿಕ್ ದ್ವೀಪಕ್ಕೆ ಬಂದ, 1975ರಲ್ಲಿ ದೇಶ ಸ್ವತಂತ್ರವಾಯಿತು, ಆದ್ದರಿಂದ ನಡುವಿನ ಕಾಲವೆಲ್ಲ ಪರರ ಆಳ್ವಿಕೆ ಎಂಬ ಈ ಲೆಕ್ಕವನ್ನು ಒಪ್ಪಿಕೊಂಡರೆ ಅಲ್ಲಿನ ಜನರ ನಾಲ್ಕು ಶತಮಾನಗಳ ರಾಜಕಾರಣವೇ ಅಳಿಸಿಹೋಗುತ್ತದೆ ಎಂಬುದು ನನ್ನ ಆಕ್ಷೇಪ.

ಗಾಮ ಬರುವ ಹೊತ್ತಿಗೆ ಆ ಕರಾವಳಿ ಹಿಂದೂ ಮಹಾಸಾಗರದ ವ್ಯಾಪಾರದಲ್ಲಿ ಶತಮಾನಗಳಿಂದ ಪಳಗಿತ್ತು. ಒಳನಾಡಿನ ಪ್ರಸ್ಥಭೂಮಿಯ ಚಿನ್ನವು ಸೊಫಾಲಾ ಬಂದರಿಗೆ ಇಳಿದು, ಕಿಲ್ವಾದ ಸ್ವಾಹಿಲಿ ವರ್ತಕರ ಕೈದಾಟಿ, ಅರಬ್ ಮತ್ತು ಗುಜರಾತಿ ಬಂದರುಗಳನ್ನು ಸೇರುತ್ತಿತ್ತು. ಪ್ರತಿಯಾಗಿ ಖಂಬಾತಿನ ಬಟ್ಟೆಯೂ ಮಣಿಗಳೂ ಹೋಗುತ್ತಿದ್ದವು. ಪೋರ್ಚುಗೀಸರು 1505ರಲ್ಲಿ ಸೊಫಾಲಾದಲ್ಲಿ ಕೋಟೆ ಕಟ್ಟಿದ್ದು ಈ ಚಿನ್ನದ ಆಸೆಯಿಂದಲೇ. ಆದರೆ ಚಿನ್ನ ಒಳನಾಡಿನ ಅರಸರ ಅಧೀನದಲ್ಲಿತ್ತು. 1629ರಲ್ಲಿ ಪ್ರಸ್ಥಭೂಮಿಯ ಮುತಾಪ ರಾಜ್ಯದ ದೊರೆ ಮಾವುರಾನಿಂದ ಸಾಮಂತನಾಗುವ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡದ್ದೇ ಪೋರ್ಚುಗೀಸರ ದೊಡ್ಡ ಗೆಲುವು. ಅದೂ ಬಾಳಲಿಲ್ಲ: 1690ರ ದಶಕದಲ್ಲಿ ಒಳನಾಡಿನ ಇನ್ನೊಬ್ಬ ಅರಸ ಚಂಗಮಿರೆ ದೊಂಬೊ ಪೋರ್ಚುಗೀಸರನ್ನು ಪ್ರಸ್ಥಭೂಮಿಯಿಂದ ಹೊರದಬ್ಬಿದ.

ಉಳಿದದ್ದು ಕೆಲವು ಕೋಟೆಗಳು ಮತ್ತು ಜಾಂಬೆಜಿ ಕಣಿವೆಯ ‘ಪ್ರಾಜೊ’ ಜಹಗೀರುಗಳು. ಕಾಗದದ ಮೇಲೆ ಇವು ಪೋರ್ಚುಗಲ್ ದೊರೆಯ ದತ್ತಿಗಳಾಗಿದ್ದರೂ, ಜಹಗೀರುದಾರರು ಆಫ್ರಿಕನ್ ಕುಟುಂಬಗಳೊಂದಿಗೆ ಬೆರೆತು, ಚಿಕುಂಡ ಎಂಬ ಗುಲಾಮ ಸೈನಿಕರನ್ನು ಸಾಕಿಕೊಂಡು, ಸ್ಥಳೀಯ ನಾಯಕರಂತೆಯೇ ಬಾಳಿದರು. ಅವರಲ್ಲಿ ಗೋವಾ ಮೂಲದವರೂ ಇದ್ದರು.

ಇಲ್ಲಿ ನಮ್ಮ ಕಡಲತೀರದ ಪಾತ್ರವನ್ನು ಸ್ಪಷ್ಟವಾಗಿ ಹೇಳಬೇಕು. 1752ರವರೆಗೆ ಮೊಜಾಂಬಿಕ್ ಗೋವಾದ ವೈಸ್‌ರಾಯ್ ಅಧೀನದಲ್ಲಿತ್ತು. 1686ರಲ್ಲಿ ದಿಯುವಿನ ವಣಿಕರ ಮಂಡಳಿಯೊಂದಕ್ಕೆ ದಿಯು–ಮೊಜಾಂಬಿಕ್ ವ್ಯಾಪಾರದ ಏಕಸ್ವಾಮ್ಯ ದೊರೆಯಿತು. ಗುಜರಾತಿನ ಬಟ್ಟೆ ಅಲ್ಲಿ ಹಣದಂತೆಯೇ ಚಲಾವಣೆಯಲ್ಲಿದ್ದು, ಮೊದಲು ದಂತವನ್ನೂ ನಂತರ ಮನುಷ್ಯರನ್ನೂ ಕೊಳ್ಳಲು ಬಳಕೆಯಾಯಿತು. ಹಾಗೆ ಮಾರಾಟವಾದವರಲ್ಲಿ ಹೆಚ್ಚಿನವರು ಬ್ರೆಜಿಲ್‌ಗೂ ಫ್ರೆಂಚರ ಹಿಂದೂ ಮಹಾಸಾಗರದ ದ್ವೀಪಗಳಿಗೂ ಹೋದರು. ಗೋವಾಕ್ಕೆ ತಂದವರಲ್ಲಿ ಕೆಲವರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ ಸೀಮೆಯ ಸಿದ್ದಿಗಳ ಪೂರ್ವಜರಲ್ಲಿ ಇಂಥವರೂ ಸೇರಿದ್ದಾರೆ. ಮೊಜಾಂಬಿಕ್‌ನ ಚರಿತ್ರೆ ಕನ್ನಡನಾಡಿನ ಚರಿತ್ರೆಯ ಹೊರಗಿನದು ಎಂದು ನಾನು ಭಾವಿಸದಿರುವುದು ಇದಕ್ಕಾಗಿಯೇ.

ನಿಜವಾದ ವಸಾಹತು ಆಳ್ವಿಕೆ ಆರಂಭವಾದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ಯುರೋಪಿನ ದೇಶಗಳು ಆಫ್ರಿಕಾದ ಹಂಚಿಕೆಗೆ ನಿಯಮ ಹಾಕಿಕೊಂಡ 1884–85ರ ಬರ್ಲಿನ್ ಸಮಾವೇಶದ ಬಳಿಕ ಬರೀ ಹಕ್ಕುಸ್ಥಾಪನೆ ಸಾಲದಾಯಿತು, ನೆಲವನ್ನು ಹಿಡಿದು ತೋರಿಸಬೇಕಾಯಿತು. 1890ರಲ್ಲಿ ಬ್ರಿಟನ್ ಅಂತಿಮ ಎಚ್ಚರಿಕೆ ಕೊಟ್ಟು, ಅಂಗೋಲ ಮತ್ತು ಮೊಜಾಂಬಿಕನ್ನು ಜೋಡಿಸುವ ಪೋರ್ಚುಗೀಸರ ಕನಸನ್ನು ಮುರಿಯಿತು. ದಕ್ಷಿಣದಲ್ಲಿ ಗಾಜಾ ರಾಜ್ಯದ ದೊರೆ ಗುಂಗುನ್ಯಾನ 1895ರ ಡಿಸೆಂಬರ್‌ನಲ್ಲಿ ಸೆರೆಯಾಗಿ, ಅಜೋರ್ಸ್ ದ್ವೀಪಗಳಿಗೆ ಗಡೀಪಾರಾಗಿ, 1906ರಲ್ಲಿ ಅಲ್ಲಿಯೇ ತೀರಿಕೊಂಡ. ಅನಂತರವೂ ನಾಡು ತಣ್ಣಗಾಗಲಿಲ್ಲ. 1917ರಲ್ಲಿ ಜಾಂಬೆಜಿ ಸೀಮೆಯ ಬಾರುವೆ ಜನ ದಂಗೆಯೆದ್ದರು.

ಹೀಗೆ ಗೆದ್ದ ನೆಲವನ್ನು ಆಳಲು ಲಿಸ್ಬನ್ ಬಳಿ ಹಣವಿರಲಿಲ್ಲ. ಮಾನಿಕಾ ಮತ್ತು ಸೊಫಾಲಾ ಪ್ರದೇಶಗಳನ್ನು 1942ರವರೆಗೂ, ಉತ್ತರದ ನಿಯಾಸಾವನ್ನು 1929ರವರೆಗೂ ಖಾಸಗಿ ಕಂಪನಿಗಳು ಆಳಿದವು. ತೆರಿಗೆ ಎತ್ತುವ ಅಧಿಕಾರವೂ ಅವುಗಳದೇ ಆಗಿತ್ತು. 1899ರ ಕಾರ್ಮಿಕ ಸಂಹಿತೆಯು ದುಡಿಯುವುದು ಸ್ಥಳೀಯರ ನೈತಿಕ ಮತ್ತು ಕಾನೂನುಬದ್ಧ ಕರ್ತವ್ಯವೆಂದು ಘೋಷಿಸಿತು. ‘ಶಿಬಾಲು’ ಎಂದು ಜನ ಕರೆದ ಬಿಟ್ಟಿದುಡಿಮೆ ಹಾಗೆ ಶಾಸನದ ಬಲ ಪಡೆಯಿತು. 1938ರ ನಂತರ ಉತ್ತರದ ರೈತರ ಮೇಲೆ ಹತ್ತಿ ಬೆಳೆಯುವ ಕಡ್ಡಾಯ ಬಿದ್ದು, ಆಹಾರ ಬೆಳೆಯ ನೆಲಕ್ಕೂ ದುಡಿಮೆಗೂ ಕತ್ತರಿ ಬಿತ್ತು. ದಕ್ಷಿಣದ ಗಂಡಸರು ಶಿಬಾಲುವಿಗಿಂತ ದಕ್ಷಿಣ ಆಫ್ರಿಕಾದ ಟ್ರಾನ್ಸ್‌ವಾಲ್‌ನ ಚಿನ್ನದ ಗಣಿಯೇ ವಾಸಿಯೆಂದು ಗಡಿ ದಾಟಿದರು. ದಕ್ಷಿಣ ಆಫ್ರಿಕಾದೊಂದಿಗಿನ 1928ರ ಒಪ್ಪಂದವು ಅವರ ಕೂಲಿಯ ಒಂದು ಪಾಲನ್ನು ತಡೆಹಿಡಿದು, ಊರಿಗೆ ಮರಳಿದ ಮೇಲೆ ಕೊಡುವ ಪದ್ಧತಿಯನ್ನು ತಂದಿತು.

ಈ ಆಳ್ವಿಕೆ ಯಾರಿಗಾಗಿ ನಡೆಯಿತೆಂಬುದಕ್ಕೆ ರೈಲು ನಕ್ಷೆಗಿಂತ ಮೇಲಾದ ದಾಖಲೆಯನ್ನು ನಾನು ಕಂಡಿಲ್ಲ. ಬೈರಾ ಬಂದರಿನಿಂದ ಹೊರಟ ಹಳಿ ಬ್ರಿಟಿಷರ ರೊಡೇಶಿಯಾಕ್ಕೆ, ಅಂದರೆ ಇಂದಿನ ಜಿಂಬಾಬ್ವೆಗೆ, ಲೊರೆನ್ಸು ಮಾರ್ಕಿಸ್‌ನಿಂದ, ಅಂದರೆ ಇಂದಿನ ಮಾಪುಟೊದಿಂದ, ಹೊರಟದ್ದು ಟ್ರಾನ್ಸ್‌ವಾಲ್‌ಗೆ ಹೋಯಿತು. ದೇಶದ ಉತ್ತರವನ್ನು ದಕ್ಷಿಣಕ್ಕೆ ಜೋಡಿಸುವ ರೈಲು ಮಾರ್ಗವನ್ನು ಪೋರ್ಚುಗೀಸರು ಹೊರಡುವವರೆಗೂ ಹಾಕಲಿಲ್ಲ.