ಬೀರುವಿನ ಪೆಟ್ಟಿಗೆಯಿಂದ ಆರಕ್ಷರದ ಕೋಡ್‌ವರೆಗೆ: ಪಾಠೋಪಕರಣ ಇದ್ದೂ ಸಿಗದ ಕಥೆ

‘ಘರ್ಷಣೆ’ ಎಂದು ಕನ್ನಡದಲ್ಲಿ ಟೈಪಿಸಿ ಅಂತರ್ಜಾಲದಲ್ಲಿ ಹುಡುಕಿ ನೋಡಿ. ಎರಡು ಗುಂಪುಗಳ ಮಾರಾಮಾರಿ, ಲಾಠಿ ಪ್ರಹಾರ, ನಿಷೇಧಾಜ್ಞೆಯ ಸುದ್ದಿಗಳೇ ಬಹಳ ಸಲ ಮುಂದೆ ನಿಲ್ಲುತ್ತವೆ. ನಾಳೆ ಎರಡನೇ ಪೀರಿಯಡ್‌ನಲ್ಲಿ ಎಂಟನೇ ತರಗತಿಗೆ ಘರ್ಷಣೆಯ ಪಾಠ ಮಾಡಬೇಕಾದ ಮೇಷ್ಟರಿಗೆ ಇವುಗಳಿಂದ ಏನೂ ಗಿಟ್ಟುವುದಿಲ್ಲ. ‘ಒತ್ತಡ’ ಎಂದು ಹುಡುಕಿದರೆ ಧ್ಯಾನ ಮಾಡಿ ಎಂಬ ಸಲಹೆ ಬರುತ್ತದೆ. ‘ಶಬ್ದ’ ಎಂದರೆ ನಿಘಂಟು ತೆರೆದುಕೊಳ್ಳುತ್ತದೆ. ‘ಎಂಟನೇ ತರಗತಿ ವಿಜ್ಞಾನ ಘರ್ಷಣೆ’ ಎಂದು ತರಗತಿ, ವಿಷಯ, ಪಾಠ ಮೂರನ್ನೂ ಸೇರಿಸಿ ಹುಡುಕಿದಾಗ ಮಾತ್ರ ದಾರಿ ಸ್ವಲ್ಪ ಕಾಣುತ್ತದೆ.

ಕನ್ನಡದಲ್ಲಿ ಬೋಧನಾ ಸಾಮಗ್ರಿ ಕಡಿಮೆ ಎಂಬ ಮಾತು ಹಳತಾಯಿತು. ಈಗಿನ ತೊಂದರೆ ಬೇರೆ. ಇರುವುದು ಹುಡುಕಿದರೆ ಸಿಗುವುದಿಲ್ಲ, ಸಿಕ್ಕಿದ್ದು ತೆರೆಯುವುದಿಲ್ಲ, ತೆರೆದದ್ದನ್ನು ನಮ್ಮ ತರಗತಿಗೆ ತಕ್ಕಂತೆ ತಿದ್ದಲು ಬರುವುದಿಲ್ಲ. ಏನು ಕಳಿಸಬೇಕು ಎಂಬುದಕ್ಕೆ ಸರ್ಕಾರಗಳು ಐವತ್ತು ವರ್ಷ ತಲೆ ಕೆಡಿಸಿಕೊಂಡವು. ಕಳಿಸಿದ್ದು ಶಿಕ್ಷಕರ ಕೈಗೆ ಬೇಕಾದ ಹೊತ್ತಿಗೆ ಹೇಗೆ ಸಿಗಬೇಕು ಎಂಬುದಕ್ಕೆ ಅಷ್ಟು ಕೆಡಿಸಿಕೊಳ್ಳಲಿಲ್ಲ.

ಮೊದಲ ದೊಡ್ಡ ಪ್ರಯತ್ನ ಆಕಾಶದಿಂದಲೇ ಬಂತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ನಾಸಾ ಕಡ ಕೊಟ್ಟ ಎಟಿಎಸ್-6 ಉಪಗ್ರಹ ಬಳಸಿ ಇಸ್ರೋ ‘ಸೈಟ್’ ಎಂಬ ಪ್ರಯೋಗ ನಡೆಸಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಪೆಟ್ಟಿಗೆ ಹೋಯಿತು. ನಮ್ಮಲ್ಲಿ ಆಗಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಕೋಳಿಗೂಡಿಗೆ ಬಳಸುವಂಥ ತಂತಿ ಜಾಲರಿಯಿಂದ ಮಾಡಿದ, ಹತ್ತಡಿ ಅಗಲದ ಆಂಟೆನಾ. ಬೆಳಿಗ್ಗೆ ಶಾಲಾ ಮಕ್ಕಳಿಗೆ ಇಪ್ಪತ್ತೆರಡೂವರೆ ನಿಮಿಷ ಅವರವರ ಭಾಷೆಯಲ್ಲಿ ಕಾರ್ಯಕ್ರಮ. ತಂತ್ರಜ್ಞಾನದ ಲೆಕ್ಕದಲ್ಲಿ ಅದ್ಭುತ ಕೆಲಸವೇ. ಆದರೆ ಆ ಹೊತ್ತಿಗೆ ಕರೆಂಟು ಹೋಯಿತೆಂದರೆ ಆ ದಿನದ ಪಾಠವೂ ಹೋಯಿತು. ವರ್ಷ ಮುಗಿದಾಗ ಉಪಗ್ರಹವನ್ನೇ ಹಿಂದಕ್ಕೆ ಪಡೆದರು.

1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ, 1987ರಲ್ಲಿ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಬಂತು. ಪ್ರತಿ ಪ್ರಾಥಮಿಕ ಶಾಲೆಗೆ ಕನಿಷ್ಠ ಎರಡು ಕೊಠಡಿ, ಇಬ್ಬರು ಶಿಕ್ಷಕರು, ಜೊತೆಗೆ ಕಲಿಕೋಪಕರಣ. ಗ್ಲೋಬು, ನಕ್ಷೆ, ವಿಜ್ಞಾನ ಕಿಟ್, ಗಣಿತ ಕಿಟ್, ವಾದ್ಯಗಳು, ಪುಸ್ತಕಗಳು. ಅವು ಬೀರುವಿನಲ್ಲೇ ಕೂತದ್ದಕ್ಕೆ ಶಿಕ್ಷಕರ ಸೋಮಾರಿತನ ಕಾರಣ ಎನ್ನುವವರು ದಾಸ್ತಾನು ವಹಿಯನ್ನು ನೋಡಿಲ್ಲ. ವಸ್ತು ವಹಿಯಲ್ಲಿ ಏರಿದ ಮೇಲೆ ಒಡೆದರೆ, ಕಳೆದರೆ ಉತ್ತರ ಕೊಡಬೇಕಾದವರು ಮುಖ್ಯಶಿಕ್ಷಕರು. ವರ್ಗಾವಣೆ ಬಂದಾಗ ಒಂದೊಂದನ್ನೂ ಎಣಿಸಿ ಚಾರ್ಜ್ ಕೊಡಬೇಕು. ಮಗುವಿನ ಕೈಗೆ ಪ್ರನಾಳ ಕೊಡುವುದಕ್ಕಿಂತ ಬೀಗ ಹಾಕುವುದೇ ಕ್ಷೇಮ ಎಂದು ಕಂಡರೆ ಆಶ್ಚರ್ಯವೇನು? ಯಾವ ಪಾಠದ ಯಾವ ಹಂತಕ್ಕೆ ಯಾವ ಸಾಮಾನು ಎಂದು ಹೇಳಿಕೊಟ್ಟವರೂ ಕಡಿಮೆ.

ಇದಕ್ಕೆ ಪೂರ್ತಿ ತದ್ವಿರುದ್ಧವಾದದ್ದು 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಯಿತು. ಆಂಧ್ರದ ಋಷಿವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿಬಂದ ಸರ್ಕಾರಿ ಶಿಕ್ಷಕರು ತಾವೇ ಕೂತು ಕಲಿಕಾ ಚಟುವಟಿಕೆಗಳ ಕಾರ್ಡು ಬರೆದರು. ಅದೇ ನಲಿ-ಕಲಿ. 2009-10ರ ಹೊತ್ತಿಗೆ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಆರಂಭಿಕ ತರಗತಿಗಳಿಗೆ ಹಬ್ಬಿತು.

ನಲಿ-ಕಲಿಯ ಮಕ್ಕಳಸ್ನೇಹಿ ಗುಣದ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಅದರೊಳಗಿನ ಹುಡುಕುವ ವ್ಯವಸ್ಥೆಯನ್ನು ಗಮನಿಸಿದವರು ಕಡಿಮೆ. ಪಠ್ಯವನ್ನು ಮೈಲಿಗಲ್ಲುಗಳಾಗಿ ಒಡೆದು ಕಲಿಕಾ ಏಣಿಯ ಮೇಲೆ ಜೋಡಿಸಿರುತ್ತಾರೆ. ಏಣಿಯ ಪ್ರತಿ ಮೆಟ್ಟಿಲಿಗೂ ಒಂದು ಚಿತ್ರ-ಲಾಂಛನ, ಒಂದು ಸಂಖ್ಯೆ. ಅದೇ ಲಾಂಛನ, ಅದೇ ಸಂಖ್ಯೆ ಕಾರ್ಡಿನ ಮೇಲೂ ಇರುತ್ತದೆ. ಮಗು ಗೋಡೆಯ ಏಣಿಯಲ್ಲಿ ತಾನೆಲ್ಲಿದ್ದೇನೆ ಎಂದು ನೋಡಿ, ಆ ಲಾಂಛನದ ಕಾರ್ಡು ಹುಡುಕಿ ತಂದು, ತನ್ನ ತಟ್ಟೆಯಲ್ಲಿ, ಅಂದರೆ ತನ್ನ ಕಲಿಕಾ ಗುಂಪಿನಲ್ಲಿ, ಹೋಗಿ ಕೂರುತ್ತದೆ. ಶಿಕ್ಷಕರ ಸಂಪೂರ್ಣ ಸಹಾಯದ ತಟ್ಟೆಯಿಂದ ಸ್ವಕಲಿಕೆಯವರೆಗೆ ಐದು ತಟ್ಟೆ. ಓದಲು ಬಾರದ ಆರು ವರ್ಷದ ಮಗುವೂ ತನಗೆ ಬೇಕಾದ ಸಾಮಗ್ರಿಯನ್ನು ಯಾರನ್ನೂ ಕೇಳದೆ ಹುಡುಕಿಕೊಳ್ಳಬಲ್ಲದು. ಮುಂದೆ ಬಂದ ಯಾವ ಪೋರ್ಟಲ್ಲೂ ಇಷ್ಟು ಸರಳವಾಗಿಲ್ಲ.

ಕೆಡುವುದು ಎಲ್ಲಿ ಎಂದರೆ, ಒಂದು ಕಾರ್ಡು ಕಳೆದರೆ ಏಣಿಯ ಒಂದು ಮೆಟ್ಟಿಲು ಮುರಿದ ಹಾಗೆ. ಮೂವತ್ತು ಮಕ್ಕಳೂ ಒಬ್ಬೊಬ್ಬರಾಗಿ ಅಲ್ಲೇ ಬಂದು ನಿಲ್ಲುತ್ತಾರೆ. ಹೊಸ ಸೆಟ್ ಬರುವವರೆಗೆ ಕಾಯುವ ಶಾಲೆಯಲ್ಲಿ ವರ್ಷವೇ ಹೋಗುತ್ತದೆ. ಹಳೆಯ ಮದುವೆ ಕರೆಯೋಲೆಯ ಹಿಂಬದಿಗೆ ಸ್ಕೆಚ್ ಪೆನ್ನಿನಲ್ಲಿ ಲಾಂಛನ, ಸಂಖ್ಯೆ, ಚಟುವಟಿಕೆ ಬರೆದು ಅಗಲದ ಸೆಲ್ಲೋಟೇಪು ಅಂಟಿಸುವ ಶಿಕ್ಷಕಿಯ ತರಗತಿಯಲ್ಲಿ ಐದು ನಿಮಿಷ ಹೋಗುತ್ತದೆ, ಅಷ್ಟೇ.

ಮತ್ತೆ ಆಕಾಶದ ಸರದಿ. 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಶಿಕ್ಷಣಕ್ಕೆಂದೇ ಮಾಡಿದ ಎಜುಸ್ಯಾಟ್ ಉಪಗ್ರಹ ಮೇಲೇರಿತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳು ಅದರ ಆರಂಭದ ಪ್ರಯೋಗಭೂಮಿಗಳಲ್ಲೊಂದು. ಹೆಚ್ಚಿನ ಶಾಲೆಗಳಲ್ಲಿದ್ದದ್ದು ಬರಿಯ ಗ್ರಾಹಕ. ಬಂದದ್ದನ್ನು ನೋಡಬಹುದು, ತಿರುಗಿ ಕೇಳುವಂತಿಲ್ಲ. ಉಪಗ್ರಹ 2010ರಲ್ಲಿ ನಿವೃತ್ತಿಯಾಯಿತು. ಅದರ ಪಕ್ಕದಲ್ಲೇ ಆಕಾಶವಾಣಿಯ ‘ಚುಕ್ಕಿ ಚಿನ್ನ’, ‘ಚಿನ್ನರ ಚುಕ್ಕಿ’, ಮುಂದೆ ‘ಕೇಳಿ ಕಲಿ’ ಸದ್ದಿಲ್ಲದೆ ನಡೆದವು. ಒಂದು ರೇಡಿಯೊ ಸಾಕಾಗುತ್ತಿದ್ದ ಆ ಕಾರ್ಯಕ್ರಮಗಳಿಗೆ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲ ಎಂದೇ ನಮ್ಮ ಅಭಿಪ್ರಾಯ.

ಪ್ರೌಢಶಾಲೆಗಳಿಗೆ ಮಾಹಿತಿ ಸಿಂಧು, ಕೇಂದ್ರದ ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ಯೋಜನೆಗಳ ಮೂಲಕ ಕಂಪ್ಯೂಟರ್ ಕೊಠಡಿಗಳು ಬಂದದ್ದೂ ಇದೇ ಕಾಲ. ಗುತ್ತಿಗೆಯ ಅವಧಿ ಮುಗಿದ ಮೇಲೆ ಬೋಧಕರೂ ಇಲ್ಲ, ರಿಪೇರಿಯೂ ಇಲ್ಲ. ಆ ಕಾಲದಲ್ಲಿ ತಯಾರಾದ ಸಿ.ಡಿ.ಗಳ ಗತಿ ಇನ್ನೂ ವಿಚಿತ್ರ. ಹೃದಯ ಬಡಿಯುವ, ಗ್ರಹ ಸುತ್ತುವ ಆನಿಮೇಷನ್‌ಗಳಲ್ಲಿ ಬಹುಪಾಲು ಫ್ಲ್ಯಾಶ್ ತಂತ್ರಾಂಶದಲ್ಲಿ ಮಾಡಿದವು. 2020ರ ಡಿಸೆಂಬರ್ 31ಕ್ಕೆ ಅಡೋಬಿ ಫ್ಲ್ಯಾಶ್‌ಗೆ ಬೆಂಬಲ ನಿಲ್ಲಿಸಿತು, 2021ರ ಜನವರಿ 12ರಿಂದ ಪ್ಲೇಯರ್ ಓಡುವುದನ್ನೇ ತಡೆಯಿತು. ಸಿ.ಡಿ. ಗೀರಿಲ್ಲ, ಕಡತ ಕೆಟ್ಟಿಲ್ಲ, ಆದರೂ ಪಾಠ ತೆರೆಯುವುದಿಲ್ಲ. ಅದೇ ಹೊತ್ತಿನಲ್ಲಿ ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಎಂಬ, ಪರದೆಯ ಮೇಲೆ ಮಾಡಿನೋಡುವ ವಿಜ್ಞಾನ-ಗಣಿತ ಪ್ರಯೋಗಗಳು ಬದುಕಿಕೊಂಡವು. ಅವರು ತಮ್ಮ ಪ್ರಯೋಗಗಳನ್ನು ಒಂದೊಂದಾಗಿ, ಬ್ರೌಸರ್‌ನಲ್ಲೇ ಓಡುವ ಎಚ್‌ಟಿಎಂಎಲ್5ಕ್ಕೆ ಬದಲಿಸುತ್ತ ಬಂದಿದ್ದರು. ವಿದ್ಯುನ್ಮಂಡಲ ಕಟ್ಟುವ ಪ್ರಯೋಗ ಈಗ ಒಂದೇ ಕಡತವಾಗಿ ಇಳಿಯುತ್ತದೆ, ನೆಟ್ ಇಲ್ಲದೆ ಓಡುತ್ತದೆ, ಹಲವು ಪ್ರಯೋಗಗಳು ಕನ್ನಡದಲ್ಲೂ ಇವೆ. ಫೋನಿನಲ್ಲಿ ಆ ಕಡತ ಬಿಳಿ ಪುಟವಾಗಿ ಕಂಡರೆ ಗಾಬರಿಯಾಗಬೇಡಿ. ಕಡತ ತೆರೆಯುವಾಗ ಫೈಲ್ ವ್ಯೂವರ್ ಬಿಟ್ಟು ಕ್ರೋಮ್‌ನಂಥ ಬ್ರೌಸರ್ ಆರಿಸಿ.

ಈಗ ಕನ್ನಡದ್ದೇ ಆದ ತೊಡಕಿಗೆ ಬರೋಣ. ಶಿಕ್ಷಕರು ಎರಡು ದಶಕ ಸಾವಿರಾರು ಪ್ರಶ್ನೆಪತ್ರಿಕೆ, ಪಾಠ ಟಿಪ್ಪಣಿ, ನೀಲನಕ್ಷೆ ಟೈಪು ಮಾಡಿದ್ದು ನುಡಿ, ಬರಹ ತಂತ್ರಾಂಶಗಳಲ್ಲಿ. ಅವು ಇರದಿದ್ದರೆ ಶಾಲೆಗಳಲ್ಲಿ ಕಂಪ್ಯೂಟರಿಗೆ ಕನ್ನಡವೇ ಬರುತ್ತಿರಲಿಲ್ಲ, ಆ ಋಣ ದೊಡ್ಡದು. ಆದರೆ ಹಳೆಯ ಆಸ್ಕಿ ಮಾದರಿಯ ಫಾಂಟಿನಲ್ಲಿ ಕನ್ನಡ ಅಕ್ಷರದ ತುಂಡುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ಕಂಪ್ಯೂಟರಿನ ಪಾಲಿಗೆ ಅದು ಇಂಗ್ಲಿಷೇ, ಫಾಂಟು ಹೊದಿಸಿದ ವೇಷ ಮಾತ್ರ ಕನ್ನಡ. ವೇಷ ಕಳಚಿದರೆ, ಅಂದರೆ ಫಾಂಟಿಲ್ಲದ ಫೋನಿನಲ್ಲಿ ತೆರೆದರೆ, ಸೊಟ್ಟಂಬಟ್ಟ ಚಿಹ್ನೆಗಳ ಸಾಲು. ಪಿಡಿಎಫ್ ಮಾಡಿದರೆ ಕಣ್ಣಿಗೆ ಸರಿ ಕಾಣುತ್ತದೆ. ಆದರೆ ಅದರೊಳಗೆ ‘ಘರ್ಷಣೆ’ ಎಂದು ಹುಡುಕಿ, ಸಿಗುವುದಿಲ್ಲ. ಗೂಗಲ್‌ಗೂ ಸಿಗುವುದಿಲ್ಲ. ಜಗತ್ತಿನ ಲಿಪಿಗಳಿಗೆಲ್ಲ ಬೇರೆ ಬೇರೆ ಸಂಕೇತ ಕೊಡುವ ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಿಂದಲೇ 128 ಸ್ಥಾನಗಳ ಸ್ವಂತ ಜಾಗವಿತ್ತು. ನಾವು ಅಲ್ಲಿಗೆ ಹೋಗಿ ನೆಲೆಸುವುದು ತಡವಾಯಿತು. ಆ ನಡುವಿನ ಶಿಕ್ಷಕರ ದುಡಿಮೆಯ ದೊಡ್ಡ ಪಾಲು ಇವತ್ತಿಗೂ ಹುಡುಕಾಟದ ಕಣ್ಣಿಗೆ ಬೀಳದೆ ಪೆನ್‌ಡ್ರೈವ್‌ಗಳಲ್ಲಿ ಕೂತಿದೆ.

ಹಳೆಯ ಕಡತ ಉಳಿಸಿಕೊಳ್ಳುವವರು ಪಿಡಿಎಫ್ ಹಿಡಿದುಕೊಂಡು ಒದ್ದಾಡದೆ ಮೂಲ ವರ್ಡ್ ಕಡತ ಹುಡುಕಿ. ಕನ್ನಡದ ಭಾಗವನ್ನಷ್ಟೇ ಆರಿಸಿ, ಆಸ್ಕಿಯನ್ನು ಯುನಿಕೋಡ್‌ಗೆ ಬದಲಿಸುವ ಪರಿವರ್ತಕಕ್ಕೆ ಹಾಕಿ. ಇಡೀ ಪುಟ ಹಾಕಿದರೆ ಸೂತ್ರಗಳಲ್ಲಿರುವ ಇಂಗ್ಲಿಷ್ ಅಕ್ಷರಗಳೂ ಕನ್ನಡದ ತುಂಡುಗಳಾಗಿ ಕಲಸಿಹೋಗುತ್ತವೆ. ಪರಿವರ್ತಿಸಿದ ಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರ ಇರುವ ಪದಗಳನ್ನು ಮೊದಲು ನೋಡಿ. ತಪ್ಪುವುದು ಹೆಚ್ಚಾಗಿ ಅಲ್ಲೇ.

2011ರ ಸುಮಾರಿಗೆ ಡಿಎಸ್‌ಇಆರ್‌ಟಿ (ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ) ಮತ್ತು ಐಟಿ ಫಾರ್ ಚೇಂಜ್ ಎಂಬ ಸ್ವಯಂಸೇವಾ ಸಂಸ್ಥೆ ಸೇರಿ ಪ್ರೌಢಶಾಲಾ ವಿಷಯ ಶಿಕ್ಷಕರ ವೇದಿಕೆ ಕಟ್ಟಿದವು. ಅದರಿಂದ ಬೆಳೆದದ್ದೇ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಎಂಬ ವಿಕಿ. ವಿಕಿಪೀಡಿಯದ ಹಾಗೆ ಶಿಕ್ಷಕರೇ ಬರೆದು ಶಿಕ್ಷಕರೇ ತಿದ್ದುವಂಥದ್ದು, ಅದೂ ಯುನಿಕೋಡ್‌ನಲ್ಲಿ. ಹುಡುಕಿದರೆ ಸಿಗುವ, ತಿದ್ದಲು ಬರುವ ಸಾಮಗ್ರಿ ಎಂಬ ಎರಡೂ ಗುಣ ಒಟ್ಟಿಗೆ ಇದ್ದದ್ದು ಅಲ್ಲಿ. ಕೆಲವು ಪುಟಗಳು ಈಗ ಹಳೆಯ ಪಠ್ಯಕ್ರಮದವು, ನೋಡಿಕೊಂಡು ಬಳಸಬೇಕು.

ಕೇಂದ್ರ ಸರ್ಕಾರದ ಕಲಿಕಾ ಆ್ಯಪ್ ದೀಕ್ಷಾ ಬಂದದ್ದು 2017ರ ಸೆಪ್ಟೆಂಬರ್ 5ರಂದು. ಬೆಂಗಳೂರಿನ ಏಕ್‌ಸ್ಟೆಪ್ ಪ್ರತಿಷ್ಠಾನ ಕಟ್ಟಿದ ಸನ್‌ಬರ್ಡ್ ಎಂಬ ಮುಕ್ತ ತಂತ್ರಾಂಶದ ಮೇಲೆ ಅದು ನಿಂತಿದೆ. ಪಠ್ಯಪುಸ್ತಕದ ಪಾಠದ ಮೇಲೆ ಕ್ಯೂಆರ್ ಕೋಡ್ ಅಚ್ಚಾಗತೊಡಗಿತು. ನಲಿ-ಕಲಿಯ ಲಾಂಛನಕ್ಕೆ ಹತ್ತಿರದ ಆಲೋಚನೆ ಇದು, ಪಾಠ ಇರುವಲ್ಲೇ ಸಾಮಗ್ರಿಯ ವಿಳಾಸ. ಅಚ್ಚು ಮಸುಕಾಗಿ ಸ್ಕ್ಯಾನ್ ಆಗದಿದ್ದರೆ ಕೋಡಿನ ಕೆಳಗಿರುವ ಆರು ಅಕ್ಷರ-ಅಂಕಿಗಳನ್ನು ಆ್ಯಪಿನಲ್ಲಿ ಟೈಪಿಸಿ. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಮೊದಲು ಬೋರ್ಡ್, ಮಾಧ್ಯಮ, ತರಗತಿ ಸರಿಯಾಗಿ ಆರಿಸದಿದ್ದರೆ ಬೇರೆ ರಾಜ್ಯದ ಪಾಠಗಳು ಮುಂದೆ ಬರುತ್ತವೆ. ಶಾಲೆಯಲ್ಲಿ ನೆಟ್ ಇಲ್ಲವೆಂದರೆ ಹಿಂದಿನ ರಾತ್ರಿ ಮನೆಯಲ್ಲೇ ಇಳಿಸಿಟ್ಟುಕೊಳ್ಳಬಹುದು.

ಪುಸ್ತಕ ಬದಲಾದಾಗ ಮಾತ್ರ ಈ ವಿಳಾಸ ತಪ್ಪುತ್ತದೆ. 2022ರಲ್ಲಿ, ಮತ್ತೆ 2023ರಲ್ಲಿ ರಾಜ್ಯದ ಕನ್ನಡ ಮತ್ತು ಸಮಾಜ ವಿಜ್ಞಾನದ ಪಾಠಗಳು ಬದಲಾದವು. ನೋಟ್ಸು, ವಿಡಿಯೊ ಯಾವ ವರ್ಷದ ಪುಸ್ತಕಕ್ಕೆ ಮಾಡಿದ್ದು ಎಂದು ನೋಡದೆ ವಾಟ್ಸ್ಆ್ಯಪ್‌ನಲ್ಲಿ ಹಂಚಿದರೆ ಕೈಬಿಟ್ಟ ಪಾಠಕ್ಕೂ ಪರೀಕ್ಷೆ ತಯಾರಿ ನಡೆದುಬಿಡುತ್ತದೆ. ಇನ್ನೊಂದು ಗೊಂದಲ ಗಡಿಯಾಚೆಯದು. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಿಗಾಗಿ ತಯಾರಾದ ಒಳ್ಳೊಳ್ಳೆಯ ಸಾಮಗ್ರಿ ಅಂತರ್ಜಾಲದಲ್ಲಿದೆ. ಭಾಷೆ ನಮ್ಮದೇ, ಪಠ್ಯಕ್ರಮ ಕೇರಳದ್ದು. ಪರಿಕಲ್ಪನೆಗೆ ಧಾರಾಳವಾಗಿ ಬಳಸಿ, ಪ್ರಶ್ನೆಪತ್ರಿಕೆಗೆ ಬೇಡ.

ಕೊರೊನಾ ಕಾಲದಲ್ಲಿ, 2020ರ ಜುಲೈನಿಂದ ಚಂದನ ವಾಹಿನಿಯಲ್ಲಿ ಪಾಠಗಳು ಬಂದವು, ಆಗಸ್ಟ್‌ನಲ್ಲಿ ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗಿ ಕಲಿಸುವ ವಿದ್ಯಾಗಮ ಶುರುವಾಯಿತು. ಚಂದನದ ಪಾಠಗಳ ವಿಡಿಯೊಗಳು ಯೂಟ್ಯೂಬ್‌ನಲ್ಲಿ ಉಳಿದಿವೆ. ಇಡೀ ಪಾಠ ಹಾಕಿ ಶಿಕ್ಷಕರು ಪಕ್ಕಕ್ಕೆ ಕೂತರೆ ಹತ್ತನೇ ನಿಮಿಷಕ್ಕೆ ಹಿಂದಿನ ಬೆಂಚು ನಿದ್ದೆಗೆ ಜಾರುತ್ತದೆ. ಬೇಕಾದ ಮೂರು-ನಾಲ್ಕು ನಿಮಿಷದ ತುಣುಕಿನ ಸಮಯ ಪಾಠಯೋಜನೆಯಲ್ಲೇ ಬರೆದಿಟ್ಟುಕೊಂಡು, ಅಷ್ಟನ್ನೇ ತೋರಿಸಿ, ನಿಲ್ಲಿಸಿ ಪ್ರಶ್ನೆ ಕೇಳುವುದು ಲೇಸು.

ತಿದ್ದಲು ಬರುವ ಸಾಮಗ್ರಿ ಏಕೆ ಮೇಲು ಎನ್ನುವುದಕ್ಕೆ ಜಿಯೋಜೀಬ್ರಾ ಎಂಬ ಗಣಿತ ತಂತ್ರಾಂಶದಲ್ಲಿ ಥೇಲ್ಸ್ ಪ್ರಮೇಯವನ್ನು ನೋಡಿ. ಪಾಲಿಗಾನ್ ಉಪಕರಣದಿಂದ ಎಬಿಸಿ ತ್ರಿಭುಜ ಎಳೆಯಿರಿ. ಎಬಿ ಬಾಹುವಿನ ಮೇಲೆ ಡಿ ಬಿಂದು ಇಡಿ. ಸಮಾಂತರ ರೇಖೆಯ ಉಪಕರಣ ಆರಿಸಿ, ಡಿ ಮೂಲಕ ಬಿಸಿಗೆ ಸಮಾಂತರ ಎಳೆಯಿರಿ. ಅದು ಎಸಿಯನ್ನು ಕಡಿಯುವಲ್ಲಿ ಇ. ಈಗ ಎಡಿ ಭಾಗಿಸು ಡಿಬಿ, ಎಇ ಭಾಗಿಸು ಇಸಿ ಎರಡನ್ನೂ ಲೆಕ್ಕ ಹಾಕಲು ಹೇಳಿ, ಎ ಶೃಂಗವನ್ನು ಹಿಡಿದು ಎಳೆದಾಡಿ. ತ್ರಿಭುಜ ಎಷ್ಟು ಸೊಟ್ಟಗಾದರೂ ಎರಡು ಅನುಪಾತ ಸಮವಾಗಿಯೇ ಇರುತ್ತವೆ. ಹಾಗಾಗದಿದ್ದರೆ ಕಾರಣ ಎರಡರಲ್ಲೊಂದು. ಸಮಾಂತರ ರೇಖೆಯನ್ನು ಕಣ್ಣಳತೆಯಲ್ಲಿ ಎಳೆದಿದ್ದೀರಿ, ಇಲ್ಲವೇ ಡಿ ಬಿಂದು ಬಾಹುವಿನ ಮೇಲೆ ಕೂರದೆ ಪಕ್ಕದಲ್ಲಿದೆ. ಸ್ವತಂತ್ರ ಬಿಂದುವಿನ ನೀಲಿ ಗಾಢ, ಬಾಹುವಿಗೆ ಅಂಟಿದ ಬಿಂದುವಿನದು ತಿಳಿ. ಬಣ್ಣ ನೋಡಿದರೆ ತಪ್ಪು ಸಿಕ್ಕಿಬೀಳುತ್ತದೆ. ಉದ್ದಗಳನ್ನು ಓದಿ ಕೈಯಲ್ಲಿ ಭಾಗಿಸಿದರೆ ದಶಮಾಂಶದ ಕೊನೆಯಲ್ಲಿ ಚೂರು ವ್ಯತ್ಯಾಸ ಬಂದು, ‘ಸಾರ್, ಸಮ ಇಲ್ವಲ್ಲ’ ಎಂದು ಮಕ್ಕಳು ಹಿಡಿಯುತ್ತಾರೆ. ದಶಮಾಂಶ ಸ್ಥಾನ ಹೆಚ್ಚಿಸಿ. ಕಡತ ಕೆಲವೇ ಕೆಬಿ. ವಾಟ್ಸ್ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿದರೆ ಇನ್ನೊಬ್ಬ ಶಿಕ್ಷಕರು ತೆರೆದು ಬದಲಿಸಬಹುದು, ವಿಡಿಯೊದಲ್ಲಿ ಅದು ಆಗದು.

ಭಾಷಾ ತರಗತಿಗೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ 2015ರಿಂದ ಇದೇ ಕೆಲಸ ಮಾಡುತ್ತಿದೆ. ನಾಲ್ಕು ಓದಿನ ಹಂತಗಳ ಕಥೆಗಳನ್ನು ಇಳಿಸಿ, ಅಚ್ಚು ಹಾಕಿ, ಊರಿನ ಮಾತಿಗೆ ಬದಲಿಸಿ ಬಳಸಬಹುದು, ಲೇಖಕರ ಮತ್ತು ಚಿತ್ರಕಾರರ ಹೆಸರು ಬಿಡದಿದ್ದರೆ ಸಾಕು.

ಇನ್ನು ಕೃತಕ ಬುದ್ಧಿಮತ್ತೆಯ ಸಹಾಯಕಗಳು. ಹತ್ತು ನಿಮಿಷದಲ್ಲಿ ಕನ್ನಡದ ಪ್ರಶ್ನೆಪತ್ರಿಕೆ ಬರೆದುಕೊಡುತ್ತವೆ. ವಾಕ್ಯ ನುಣುಪಾಗಿರುತ್ತದೆ, ಪದಗಳು ನಮ್ಮ ಪುಸ್ತಕದವಾಗಿರುವುದಿಲ್ಲ. ನಮ್ಮ ಪಠ್ಯದಲ್ಲಿ ದಿಕ್ಕಿಲ್ಲದ್ದು ಜವ, ದಿಕ್ಕಿದ್ದರೆ ವೇಗ. ಯಂತ್ರ ಎರಡಕ್ಕೂ ವೇಗ ಎಂದೇ ಬರೆದು, ‘ವೇಗಕ್ಕೂ ವೇಗಕ್ಕೂ ಇರುವ ವ್ಯತ್ಯಾಸವೇನು?’ ಎಂದು ಎರಡು ಅಂಕದ ಪ್ರಶ್ನೆ ಕೇಳಿಬಿಡಬಹುದು. ಪಾಠದ ಕೊನೆಯ ಪಾರಿಭಾಷಿಕ ಪದಗಳನ್ನು ಮೊದಲೇ ಟೈಪಿಸಿ, ಇವುಗಳನ್ನೇ ಬಳಸು ಎಂದು ಹೇಳಿ ಕೇಳಿದರೆ ತಪ್ಪು ಬಹಳ ಇಳಿಯುತ್ತದೆ. ಆದರೂ ಝೆರಾಕ್ಸ್‌ಗೆ ಕೊಡುವ ಮೊದಲು ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಒಂದು ಸಲ ಓದಿ.