ಮುಧೋಳ ನಾಯಿ ವಿದೇಶಕ್ಕೆ ಹೋಗಬೇಕಾದರೆ: ಚಿಪ್ ಮೊದಲು, ಲಸಿಕೆ ಆಮೇಲೆ

ಬಾಗಲಕೋಟೆಯಿಂದಲೋ ಬೆಳಗಾವಿಯಿಂದಲೋ ಜರ್ಮನಿಗೆ ಕೆಲಸಕ್ಕೆ ಹೊರಟವರು ಮನೆಯ ಮುಧೋಳ ನಾಯಿಯನ್ನೂ ಜೊತೆಗೆ ಕರೆದೊಯ್ಯಲು ಹೊರಟರೆ, ಅದರ ಕಾಗದಪತ್ರಕ್ಕೇ ನಾಲ್ಕು ತಿಂಗಳ ಮೇಲೆ ಬೇಕು. ಪ್ರತಿ ವರ್ಷ ತಪ್ಪದೆ ಹುಚ್ಚುನಾಯಿ ರೋಗದ ಇಂಜೆಕ್ಷನ್ ಹಾಕಿಸಿದವರ ನಾಯಿಯೂ ಹಿಂದೆ ಉಳಿಯುವುದುಂಟು. ಕಾರಣ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಬ್ರಿಟನ್ 1902ರಲ್ಲಿ ರೇಬಿಸ್ ನಿರ್ಮೂಲನ ಮಾಡಿತ್ತು. ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರು ಕದ್ದು ತಂದ ನಾಯಿಗಳಿಂದ 1918ರಲ್ಲಿ ರೋಗ ಮತ್ತೆ ಕಾಣಿಸಿತು. ಅದನ್ನು ತೊಲಗಿಸಲು 1922ರವರೆಗೆ ಹಿಡಿಯಿತು. ಮುಂದೆ ದಶಕಗಳ ಕಾಲ ಹೊರಗಿನಿಂದ ಬಂದ ನಾಯಿಗೆ ಅಲ್ಲಿ ಆರು ತಿಂಗಳ ಕ್ವಾರಂಟೈನ್ ತಪ್ಪಲಿಲ್ಲ.

2000ದ ಫೆಬ್ರುವರಿಯಲ್ಲಿ ಆಯ್ದ ದೇಶಗಳ ನಾಯಿಗಳಿಗೆ ಈ ಕಟ್ಟು ಸಡಿಲವಾಯಿತು. ಮೈಕ್ರೋಚಿಪ್ (ಗುರುತಿನ ಸಂಖ್ಯೆ ಇರುವ, ಚರ್ಮದಡಿ ಹಾಕುವ ಪುಟ್ಟ ಚಿಪ್), ಲಸಿಕೆ, ರಕ್ತಪರೀಕ್ಷೆ ಇದ್ದರೆ ಸಾಕಾಯಿತು. 2004ರಲ್ಲಿ ಯುರೋಪಿಯನ್ ಒಕ್ಕೂಟ ಇದೇ ದಾರಿಯಲ್ಲಿ ಎಲ್ಲ ಸದಸ್ಯ ದೇಶಗಳಿಗೂ ನಿಯಮ ಮಾಡಿ, 2014ರ ಕೊನೆಗೆ ಪರಿಷ್ಕರಿಸಿತು. ಗಡಿಯ ಬೋನಿನಲ್ಲಿ ಆಗುತ್ತಿದ್ದ ಕಾವಲು ಹೀಗೆ ಸಾಕಿದವರ ಮನೆಗೆ ಬಂತು. ನಾಯಿಗೆ ಇದರಿಂದ ಒಳ್ಳೆಯದೇ ಆಯಿತು. ಆದರೆ ದಾಖಲೆಯ ಹೊರೆಯೆಲ್ಲ ನಾಯಿ ಇರುವ ಊರಿನ ಮೇಲೆ ಬಿತ್ತು. ಚಿಪ್ಪನ್ನೇ ಇಟ್ಟುಕೊಳ್ಳದ ತಾಲ್ಲೂಕು ಪಶು ದವಾಖಾನೆಗೆ ಅದು ಸಣ್ಣ ಹೊರೆಯಲ್ಲ.

ಯುರೋಪಿನ ಲೆಕ್ಕ ಹೀಗಿದೆ. ಮೊದಲು ಐಎಸ್ಒ ಎಂಬ ಅಂತರರಾಷ್ಟ್ರೀಯ ಮಾನದಂಡದ 15 ಅಂಕಿಯ ಚಿಪ್. ಅದನ್ನು ಕತ್ತಿನ ಹಿಂದೆ, ಭುಜಗಳ ನಡುವೆ ಚರ್ಮದಡಿ ಹಾಕಿ, ಸ್ಕ್ಯಾನರ್‌ನಿಂದ ಓದಿ, ದಿನಾಂಕ ಸಮೇತ ನಾಯಿಯ ಲಸಿಕೆ ಪುಸ್ತಕದಲ್ಲಿ ಬರೆಸಬೇಕು. ಆಮೇಲೆ ರೇಬಿಸ್ ಲಸಿಕೆ. ಅದೇ ದಿನವಾದರೂ ನಡೆದೀತು, ಆದರೆ ಚಿಪ್ ಮೊದಲು. ಮರಿಗೆ 12 ವಾರ ತುಂಬಿರಬೇಕು. ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನದ ಶಿಬಿರದಲ್ಲಿ ಹಾಕಿದ ಲಸಿಕೆ ನಾಯಿಯನ್ನು ಕಾಯುತ್ತದೆ ನಿಜ. ಆಗ ಚಿಪ್ ಇರದಿದ್ದರೆ, ಲಸಿಕೆ ಬಿದ್ದದ್ದು ಇದೇ ನಾಯಿಗೆ ಎನ್ನಲು ಆಧಾರವಿಲ್ಲ. ಚಿಪ್ ಹಾಕಿಸಿ ಮತ್ತೆ ಲಸಿಕೆ ಕೊಡಿಸಲೇಬೇಕು. ಬಾಟಲಿಯ ಮೇಲಿನ ಬ್ಯಾಚ್ ಸ್ಟಿಕ್ಕರ್ ಪುಸ್ತಕಕ್ಕೆ ಅಂಟಿಸಿ, ಡಾಕ್ಟರ ಸಹಿ, ಮೊಹರು ಹಾಕಿಸಿಕೊಳ್ಳಬೇಕು.

ರಕ್ತಪರೀಕ್ಷೆಯಿಂದ ಬಿಡುಗಡೆ ಕೊಡುವ ಯುರೋಪಿನ ವಿನಾಯಿತಿ ಪಟ್ಟಿಯಲ್ಲಿ ಭಾರತ ಇಲ್ಲ. ಆದ್ದರಿಂದ ಲಸಿಕೆಯಾಗಿ ಕನಿಷ್ಠ 30 ದಿನ ಕಳೆದ ಮೇಲೆ ರಕ್ತ ತೆಗೆದು, ಸೀರಂ (ರಕ್ತದ ತಿಳಿ ಭಾಗ) ಬೇರ್ಪಡಿಸಿ, ತಂಪಿನಲ್ಲಿಟ್ಟು ಒಕ್ಕೂಟ ಮಾನ್ಯ ಮಾಡಿದ ಪ್ರಯೋಗಾಲಯಕ್ಕೇ ಕಳಿಸಬೇಕು. ಟ್ಯೂಬಿನ ಮೇಲೆ ಚಿಪ್ ನಂಬರಿನ ಒಂದು ಅಂಕಿ ತಪ್ಪಿದರೂ ವರದಿ ಕೆಲಸಕ್ಕೆ ಬಾರದು. ಲಸಿಕೆಯಿಂದ ರಕ್ತದಲ್ಲಿ ಹುಟ್ಟುವ ರೋಗನಿರೋಧಕ ಪ್ರತಿಕಾಯದ ಮಟ್ಟ ಒಂದು ಮಿಲಿಲೀಟರಿಗೆ 0.5 ಅಂತರರಾಷ್ಟ್ರೀಯ ಯೂನಿಟ್ ಮುಟ್ಟಬೇಕು. ಒಂದೇ ಡೋಸ್ ಬಿದ್ದ ಎಳೆಯ ನಾಯಿಗಳು ಇಲ್ಲಿ ನಪಾಸಾಗುವುದು ಹೆಚ್ಚು. ಬೂಸ್ಟರ್ ಕೊಡಿಸಿ ರಕ್ತ ತೆಗೆಸುವುದು ಜಾಣತನ.

ಪಾಸಾದರೂ, ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಲಸಿಕೆಗೂ ಮೊದಲೇ ವೈರಾಣು ಹೊಕ್ಕಿದ್ದರೆ ರೋಗ ಕಾಣಿಸಿಕೊಳ್ಳಲು ಕೊಟ್ಟ ಅವಧಿ ಇದು. ಜನವರಿ 1ಕ್ಕೆ ಚಿಪ್, ಲಸಿಕೆ ಎರಡೂ ಆದರೆ ರಕ್ತ ಫೆಬ್ರುವರಿ ಮೊದಲ ವಾರ, ಪ್ರಯಾಣ ಮೇ ಮೊದಲ ವಾರದ ನಂತರ. ಮುಂದೆ ಬೂಸ್ಟರ್ ಗಡುವು ಒಂದು ದಿನ ಮೀರಿದರೂ ಎಲ್ಲ ಮೊದಲಿನಿಂದ.

ಅಮೆರಿಕದ ದಾರಿ ಬೇರೆ. 2021ರ ಜುಲೈನಲ್ಲಿ ಅದು ರೇಬಿಸ್ ಅಪಾಯ ಹೆಚ್ಚಿರುವ ದೇಶಗಳ ನಾಯಿಗಳನ್ನು ತಡೆಯಿತು. 2024ರ ಆಗಸ್ಟ್ 1ರಿಂದ ಹೊಸ ನಿಯಮ: ಆರು ತಿಂಗಳು ತುಂಬಿರಬೇಕು, ಚಿಪ್ ಇರಬೇಕು, ಅರ್ಜಿ ತುಂಬಿರಬೇಕು. ಭಾರತದಲ್ಲಿ ಲಸಿಕೆ ಹಾಕಿಸಿದ ನಾಯಿಗೆ ಅವರು ಮಾನ್ಯ ಮಾಡಿದ ಪ್ರಯೋಗಾಲಯದ ರಕ್ತವರದಿ ಇಲ್ಲದಿದ್ದರೆ 28 ದಿನ ಕ್ವಾರಂಟೈನ್. ಎರಡೂ ಕಡೆಯ ಪ್ರಯೋಗಾಲಯಗಳ ಪಟ್ಟಿ ಬೇರೆ ಬೇರೆ. ಸೀರಂ ಕಳಿಸುವ ಮೊದಲೇ ನೋಡಿಕೊಳ್ಳಬೇಕು.

ಬ್ರಿಟನ್, ಐರ್ಲೆಂಡ್, ಫಿನ್ಲೆಂಡ್, ಮಾಲ್ಟಾ, ನಾರ್ವೆಗಳಿಗೆ ಹೋಗುವ ನಾಯಿಗೆ ಲಾಡಿಹುಳುವಿನ ಔಷಧಿಯೂ ಬೇಕು. ತಲುಪುವ 24ರಿಂದ 120 ಗಂಟೆ ಮೊದಲು ಡಾಕ್ಟರೇ ಕೊಟ್ಟು, ಸಮಯ ಸಮೇತ ಬರೆಯಬೇಕು. ಹಿಂದಿನ ವಾರ ಮನೆಯಲ್ಲಿ ನುಂಗಿಸಿದ ಗುಳಿಗೆ ಲೆಕ್ಕಕ್ಕಿಲ್ಲ.

ಕೊನೆಯ ಕಾಗದ, ಕೇಂದ್ರ ಸರ್ಕಾರದ ಪ್ರಾಣಿ ಕ್ವಾರಂಟೈನ್ ಕಚೇರಿಯ ಆರೋಗ್ಯ ಪ್ರಮಾಣಪತ್ರ. ಅದು ಸಿಗುವುದು ಬೆಂಗಳೂರು, ಮುಂಬೈಯಂಥ ಊರುಗಳಲ್ಲಿ. ಬೆಳಗಾವಿಗೆ ಎರಡೂ ಸುಮಾರು 500 ಕಿಲೋಮೀಟರ್. ಯುರೋಪಿಗೆಂದು ಕೊಟ್ಟ ಪ್ರಮಾಣಪತ್ರಕ್ಕೆ ಗಡಿ ಮುಟ್ಟುವವರೆಗೆ ಹತ್ತೇ ದಿನದ ಆಯುಷ್ಯ. ಊರಿನಿಂದ ಹೊರಡುವ ಮೊದಲೇ ಕಾಗದಗಳನ್ನು ತೋರಿಸಿ, ಸರಿಯಾಗಿವೆಯೆಂದು ಖಚಿತಪಡಿಸಿಕೊಂಡು, ಆಮೇಲೆ ವಿಮಾನದ ಟಿಕೆಟ್ ಪಕ್ಕಾ ಮಾಡುವುದು ಒಳ್ಳೆಯದು.