ವೃದ್ಧಾಶ್ರಮದಲ್ಲಿ ಕಣ್ಣಿನ ಆರೈಕೆ: ಹೈದರಾಬಾದ್ ಅಧ್ಯಯನ ಹೇಳುವುದೇನು?

ಸಮುದಾಯ ಆರೋಗ್ಯ ಓದುತ್ತಿರುವ ನರ್ಸಿಂಗ್ ಮತ್ತು ಆಪ್ಟೊಮೆಟ್ರಿ ಗೆಳೆಯರಿಗಾಗಿ ಈ ಟಿಪ್ಪಣಿ. ಇಳಿವಯಸ್ಸಿನ ಕಣ್ಣಿನ ಕಾಯಿಲೆಗಳ ಪಟ್ಟಿ ನಮಗೆಲ್ಲ ಬಾಯಿಪಾಠ. ಆದರೆ ವೃದ್ಧಾಶ್ರಮದ ಒಳಗೆ ಅವುಗಳಲ್ಲಿ ಯಾವುದು ಎಷ್ಟಿದೆ, ಎಷ್ಟನ್ನು ಸರಿಪಡಿಸಬಹುದು? ಇದನ್ನು ತಿಳಿಯಲು ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯವರು ನಡೆಸಿದ ‘ಹೋಮ್ಸ್’ ಅಧ್ಯಯನವನ್ನು ಓದಬೇಕು.

ಮೊದಲು ಅಂಕಿ ಅಂಶ. 41 ವೃದ್ಧಾಶ್ರಮಗಳಲ್ಲಿದ್ದ 60 ದಾಟಿದ 1,512 ಮಂದಿಯ ಪಟ್ಟಿ ಮಾಡಿ, 1,182 ಮಂದಿಯ ಕಣ್ಣು ಪರೀಕ್ಷಿಸಿದರು. ಅವರ ಸರಾಸರಿ ವಯಸ್ಸು 75. ಹೆಚ್ಚು ಕಾಣುವ ಕಣ್ಣಿನಲ್ಲೂ ದೃಷ್ಟಿ 6/18ಕ್ಕಿಂತ (ಸರಿಯಾದ ಕಣ್ಣಿಗೆ 18 ಮೀಟರ್ ದೂರದಿಂದ ಕಾಣುವುದು 6 ಮೀಟರ್ ಹತ್ತಿರ ಬಂದರಷ್ಟೇ ಕಾಣುವ ಮಟ್ಟ) ಕಡಿಮೆ ಇದ್ದವರು ಶೇ 30.1. ಅಂದರೆ ಹತ್ತರಲ್ಲಿ ಮೂವರು. ಕಾರಣ ಹುಡುಕಿದಾಗ ಪೊರೆ ಶೇ 46.3, ಸರಿಯಾದ ಕನ್ನಡಕ ಇಲ್ಲದ್ದು ಶೇ 27, ಪೊರೆ ಆಪರೇಷನ್ ಆದಮೇಲೆ ಹಿಂಬದಿಯ ಪದರ ಮಂಜಾದದ್ದು ಶೇ 14.6. ಮೂರನ್ನೂ ಕೂಡಿಸಿದರೆ ಶೇ 87.9. ಈ ಮೂರಕ್ಕೂ ಚಿಕಿತ್ಸೆ ಇದೆ, ಅದೂ ಹೊಸದೇನಲ್ಲ.

ಈ ಕೊನೆಯ ಮೊತ್ತವನ್ನು ನಾವು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. “ವಯಸ್ಸಾಯ್ತಲ್ಲ, ಕಣ್ಣು ಮಂಜಾಗೋದು ಸಹಜ” ಎಂಬ ಮಾತನ್ನು ಅಜ್ಜಿಯೂ ಹೇಳುತ್ತಾರೆ, ಆಶ್ರಮದವರೂ ಹೇಳುತ್ತಾರೆ, ನೋಡಲು ಬಂದ ಮಗನೂ ಹೇಳುತ್ತಾನೆ. ಮೂವರೂ ಒಪ್ಪಿಕೊಂಡ ಮೇಲೆ ಡಾಕ್ಟರ ಹತ್ತಿರ ಕರೆದೊಯ್ಯಬೇಕೆಂದು ಯಾರಿಗೂ ಅನ್ನಿಸುವುದಿಲ್ಲ. ಕಣ್ಣು ಕೆಂಪಾದರೆ, ನೋವಾದರೆ ದೂರು ಬರುತ್ತದೆ. ಮೆಲ್ಲಗೆ ಮಂಜಾಗುವ ಕಣ್ಣು ದೂರು ಹೇಳುವುದಿಲ್ಲ. ಆದ್ದರಿಂದ ದೂರು ಬರಲಿ ಎಂದು ಕಾಯುವ ಪದ್ಧತಿ ವೃದ್ಧಾಶ್ರಮಕ್ಕೆ ಒಗ್ಗುವುದಿಲ್ಲ. ಸೇರಿಸಿಕೊಳ್ಳುವಾಗಲೇ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಲ್ಲರ ದೃಷ್ಟಿಯನ್ನೂ ಅಳೆಯಬೇಕು.

ಆಪರೇಷನ್ ಆಗಿದೆ, ಆದರೂ ಕಾಣುತ್ತಿಲ್ಲ

ಶೇ 14.6 ಎಂಬ ಅಂಕಿಯನ್ನು ಪರೀಕ್ಷೆಗೆ ಓದುವಾಗ ಸುಲಭವಾಗಿ ದಾಟಿಬಿಡುತ್ತೇವೆ. ನನಗೆ ಇಡೀ ಅಧ್ಯಯನದಲ್ಲಿ ಮುಖ್ಯ ಅನ್ನಿಸಿದ್ದು ಅದೇ. ಪೊರೆ ಆಪರೇಷನ್‌ನಲ್ಲಿ ಮಸುಕಾದ ಲೆನ್ಸನ್ನು ತೆಗೆಯುತ್ತಾರೆ. ಅದನ್ನು ಸುತ್ತಿದ್ದ ತೆಳು ಚೀಲವನ್ನು ಉಳಿಸಿಕೊಂಡು ಅದರೊಳಗೆ ಕೃತಕ ಲೆನ್ಸ್ ಕೂರಿಸುತ್ತಾರೆ. ಚೀಲದ ಅಂಚಿನಲ್ಲಿ ಉಳಿದ ಜೀವಕೋಶಗಳು ತಿಂಗಳುಗಳಲ್ಲೋ ವರ್ಷಗಳಲ್ಲೋ ಬೆಳೆದು ಹಿಂಬದಿಯ ಪದರದ ಮೇಲೆ ಹರಡುತ್ತವೆ, ನೋಟ ಮತ್ತೆ ಮಂಜಾಗುತ್ತದೆ. ಇದಕ್ಕೆ ಯಾಗ್ ಲೇಸರ್ ಎಂಬ ಬೆಳಕಿನ ಕಿರಣದ ಚಿಕಿತ್ಸೆ ಇದೆ. ಹೊಲಿಗೆ ಇಲ್ಲ, ಕೊಯ್ಯುವುದಿಲ್ಲ, ಅಡ್ಮಿಟ್ ಆಗಬೇಕಿಲ್ಲ. ಸ್ಲಿಟ್ ಲ್ಯಾಂಪ್ ಎಂಬ ಕಣ್ಣು ಪರೀಕ್ಷಿಸುವ ಸೂಕ್ಷ್ಮದರ್ಶಕದ ಮುಂದೆ ಕೂರಿಸಿ ಕೆಲವೇ ನಿಮಿಷದಲ್ಲಿ ಪದರದ ನಡುವೆ ಕಿಂಡಿ ಮಾಡುತ್ತಾರೆ. ಆದರೆ ಆ ಹಿರಿಯರ ಫೈಲಿನಲ್ಲಿ “ಪೊರೆ ಆಪರೇಷನ್ ಆಗಿದೆ” ಎಂದು ಬರೆದಿರುತ್ತದೆ. ಅದನ್ನು ಓದಿದವರು ಇನ್ನು ಮಾಡುವುದೇನೂ ಇಲ್ಲ ಎಂದುಕೊಳ್ಳುತ್ತಾರೆ. ಫೈಲಿನಲ್ಲಿ ಆಪರೇಷನ್ ಆದ ವರ್ಷದ ಪಕ್ಕದಲ್ಲಿ ಈಗಿನ ದೃಷ್ಟಿ ಎಷ್ಟು ಎಂದೂ ಬರೆಯುವ ರೂಢಿ ಇದ್ದರೆ ಈ ತಪ್ಪು ನಡೆಯುವುದಿಲ್ಲ. ಲೇಸರ್ ಆದಮೇಲೆ ಕಣ್ಣಲ್ಲಿ ಮಿಂಚು ಹೊಡೆದಂತಾದರೆ, ಒಂದು ಕಡೆಯಿಂದ ಪರದೆ ಇಳಿದಂತೆ ಕಂಡರೆ ಅದೇ ದಿನ ಕಣ್ಣಿನ ಆಸ್ಪತ್ರೆಗೆ ಹೋಗಬೇಕು. ಅಕ್ಷಿಪಟಲ (ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರ, ರೆಟಿನಾ) ಕಳಚಿರುವ ಸಾಧ್ಯತೆ ಇರುತ್ತದೆ. ಇದು ಅಪರೂಪ, ಆದರೆ ತಡ ಮಾಡುವಂಥದ್ದಲ್ಲ.

ಅಳೆಯುವುದು ಹೇಗೆ

ಈಗ ಹಾಕಿಕೊಳ್ಳುತ್ತಿರುವ ಕನ್ನಡಕದಲ್ಲೇ ಮೊದಲು ನೋಡಿ, ಒಂದೊಂದೇ ಕಣ್ಣಿನಲ್ಲಿ. ಕನ್ನಡಕವನ್ನು ಒರೆಸಿ ಹಾಕಿ. ಗಾಜಿನ ಮೇಲೆ ಎಣ್ಣೆ ಬೆರಳಿನ ಗುರುತಿದ್ದರೆ ಅಳತೆಯೇ ಸುಳ್ಳಾಗುತ್ತದೆ. ಓದು ಬಾರದವರಿಗೆ ಇಂಗ್ಲಿಷ್ ‘E’ ಆಕಾರದ ಚಾರ್ಟ್ ಸಾಕು, ಅದರ ಕಾಲು ಯಾವ ಕಡೆಗಿದೆ ಎಂದು ಕೈಯಲ್ಲಿ ತೋರಿಸುತ್ತಾರೆ. ಸರಿಯಾಗಿ ಕಾಣದಿದ್ದರೆ ಕಣ್ಣಿನ ಮುಂದೆ ಪಿನ್‌ಹೋಲ್ (ಸಣ್ಣ ತೂತಿರುವ ಬಿಲ್ಲೆ) ಇಡಿ. ಅದರಲ್ಲಿ ದೃಷ್ಟಿ ಸುಧಾರಿಸಿದರೆ ಕನ್ನಡಕದಿಂದ ಸರಿಹೋಗುವ ಸಾಧ್ಯತೆ ಹೆಚ್ಚು; ಸುಧಾರಿಸದಿದ್ದರೆ ಪೊರೆ, ಅಕ್ಷಿಪಟಲ, ನರ ಇವುಗಳ ಕಡೆ ನೋಡಬೇಕು. ಮರೆವಿನ ಕಾಯಿಲೆ ಇರುವವರನ್ನು “ಇವರು ಸಹಕರಿಸುವುದಿಲ್ಲ” ಎಂದು ಬದಿಗೆ ಸರಿಸಬೇಡಿ. ಬೆಳಿಗ್ಗೆ ತಿಂಡಿ ಆದಮೇಲೆ, ಗೊತ್ತಿರುವ ಸಿಬ್ಬಂದಿ ಪಕ್ಕದಲ್ಲಿದ್ದು, ಒಂದು ಸಲಕ್ಕೆ ಒಂದೇ ಅಕ್ಷರದ ಕಾರ್ಡ್ ತೋರಿಸಿದರೆ ಅವರಲ್ಲಿ ಅನೇಕರು ಉತ್ತರ ಕೊಡುತ್ತಾರೆ. ಹೈದರಾಬಾದಿನಲ್ಲೂ ಪಟ್ಟಿಯಲ್ಲಿದ್ದ 330 ಮಂದಿಯ ತಪಾಸಣೆ ಆಗಿರಲಿಲ್ಲ. ಯಾವ ಶಿಬಿರದ ವರದಿ ಓದಿದರೂ ಹೀಗೆ ಬಿಟ್ಟುಹೋದವರು ಯಾರು ಎಂದು ಕೇಳಿ. ಎದ್ದು ಬರಲಾಗದವರೇ ಅವರಾಗಿದ್ದರೆ, ಕಷ್ಟ ಹೆಚ್ಚಿರುವವರೇ ಲೆಕ್ಕದಿಂದ ಹೊರಗುಳಿದಂತೆ.

ಕೋಣೆಯಲ್ಲೂ ಮಾಡುವ ಕೆಲಸ ಇದೆ. ವಯಸ್ಸಾದಂತೆ ಪಾಪೆ ಕಿರಿದಾಗುತ್ತದೆ, ಲೆನ್ಸ್ ಹಳದಿಯಾಗುತ್ತದೆ. 60ರ ಕಣ್ಣಿನ ಅಕ್ಷಿಪಟಲಕ್ಕೆ ತಲುಪುವ ಬೆಳಕು 20ರ ಕಣ್ಣಿಗೆ ಹೋಲಿಸಿದರೆ ಸುಮಾರು ಮೂರನೇ ಒಂದು ಪಾಲು. ಬಿಳಿ ತಟ್ಟೆಯಲ್ಲಿ ಮೊಸರನ್ನ ಬಡಿಸಿದರೆ ಅನ್ನ ಎಲ್ಲಿ ಮುಗಿಯಿತು, ತಟ್ಟೆ ಎಲ್ಲಿ ಶುರುವಾಯಿತು ಎಂದು ತಿಳಿಯದೆ ಅರ್ಧ ಊಟ ಉಳಿಯಬಹುದು. ಅದನ್ನು “ಹಸಿವಿಲ್ಲ” ಎಂದು ಬರೆದುಕೊಳ್ಳುವ ಮೊದಲು ಗಾಢ ಬಣ್ಣದ ತಟ್ಟೆಯಲ್ಲಿ ಒಮ್ಮೆ ಬಡಿಸಿ ನೋಡಿ.

ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ಇರುವವರಿಗೆ ಡ್ರಾಪ್ಸ್ ಹಾಕುವ ಕ್ರಮ: ಒಂದು ಹನಿ ಸಾಕು; ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಬದಿಯ ಮೂಲೆಯನ್ನು ಒಂದೆರಡು ನಿಮಿಷ ಮೆಲ್ಲಗೆ ಒತ್ತಿ ಹಿಡಿಯಬೇಕು; ಎರಡು ಬಗೆಯ ಡ್ರಾಪ್ಸ್ ಇದ್ದರೆ ನಡುವೆ ಐದು ನಿಮಿಷ ಬಿಡಬೇಕು. ಡ್ರಾಪ್ಸ್‌ನಲ್ಲಿ ಉಸಿರಾಟಕ್ಕೆ ತೊಂದರೆ ಮಾಡಬಲ್ಲ ಟಿಮೊಲಾಲ್ ಎಂಬ ಔಷಧ ಇದ್ದರೆ ಅಸ್ತಮಾ ಇದೆಯೇ ಎಂದು ತಪ್ಪದೆ ವಿಚಾರಿಸಿ.

ಕನ್ನಡಕ ಕೊಟ್ಟಮೇಲೆ

ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್‌ನ ನರ್ಸಿಂಗ್ ಹೋಮ್‌ಗಳಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ಗುಂಪಿಗೆ ತಕ್ಷಣ, ಇನ್ನೊಂದಕ್ಕೆ ಎರಡು ತಿಂಗಳು ಬಿಟ್ಟು ಕನ್ನಡಕ ಕೊಟ್ಟರು. ಬೇಗ ಸಿಕ್ಕವರಲ್ಲಿ ಓದುವ ಚಟುವಟಿಕೆ ಸುಧಾರಿಸಿತು, ಖಿನ್ನತೆಯ ಲಕ್ಷಣ ಕಡಿಮೆಯಾಯಿತು. ಅದೇ ವರ್ಷ ಸಿಡ್ನಿಯಿಂದ ಬಂದ ಅಧ್ಯಯನವನ್ನೂ ಇದರ ಜೊತೆಗೇ ಓದಬೇಕು: 70 ದಾಟಿದ, ದೇಹ ಸೊರಗಿದ 616 ಮಂದಿಯಲ್ಲಿ ಕಣ್ಣು ಪರೀಕ್ಷಿಸಿ ಬೇಕಾದ ಚಿಕಿತ್ಸೆ, ಕನ್ನಡಕ ಕೊಟ್ಟ ಗುಂಪಿನಲ್ಲೇ ಬೀಳುವುದು ಹೆಚ್ಚಾಯಿತು. ಪವರ್ ಒಮ್ಮೆಲೇ ತುಂಬಾ ಬದಲಾದರೆ ಹೊಂದಿಕೊಳ್ಳಲು ಸಮಯ ಬೇಕು, ನೆಲದ ಅಂದಾಜು ತಪ್ಪುತ್ತದೆ ಎಂಬುದು ಅದಕ್ಕೆ ಕೊಡುವ ಒಂದು ವಿವರಣೆ. ಹಾಗೆಂದು ಕನ್ನಡಕ ಕೊಡದಿರುವುದು ಪರಿಹಾರವಲ್ಲ. ಪವರನ್ನು ಸ್ವಲ್ಪ ಸ್ವಲ್ಪವಾಗಿ ಬದಲಿಸಲು ಆಗುತ್ತದೆಯೇ ಎಂದು ಡಾಕ್ಟರನ್ನು ಕೇಳಬಹುದು. ಓದುವ ಕನ್ನಡಕ ಹಾಕಿಕೊಂಡೇ ಬಚ್ಚಲಿಗೆ ನಡೆಯದಂತೆ ನೋಡಿಕೊಳ್ಳಬೇಕು. ಎರಡು ಕನ್ನಡಕ ಇದ್ದರೆ ಕಡ್ಡಿಗೆ ಬೇರೆ ಬೇರೆ ಬಣ್ಣದ ದಾರ ಕಟ್ಟಿ, ಹೆಸರನ್ನೂ ಬರೆಯಿರಿ. ಹೊಸ ಕನ್ನಡಕ ಬಂದ ತಾರೀಕನ್ನು ಬಿದ್ದವರ ರಿಜಿಸ್ಟರಿನಲ್ಲಿ ಗುರುತು ಹಾಕಿ, ಮೊದಲ ಕೆಲವು ವಾರ ಮೆಟ್ಟಿಲು ಇಳಿಯುವಾಗ ಪಕ್ಕದಲ್ಲಿ ಒಬ್ಬರು ಇರಲಿ.